ಹಗುರವಾದ ಡೌನ್ ಸ್ಲೀಪಿಂಗ್ ಬ್ಯಾಗ್: ಮೈಸೂರು-ಮಂಡ್ಯದ ಚಾರಣಿಗರು ಆರಿಸಿಕೊಳ್ಳುವ ಕ್ರಮ

ಡೌನ್, ಅಂದರೆ ಬಾತುಕೋಳಿ, ಹೆಬ್ಬಾತುಗಳ ಮೃದು ತುಪ್ಪಳ ತುಂಬಿದ ಸ್ಲೀಪಿಂಗ್ ಬ್ಯಾಗ್ (ಮಲಗುವ ಚೀಲ) ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಬೆಲೆ ನೋಡುತ್ತಾರೆ, ಆಮೇಲೆ ಆ ತುಪ್ಪಳ ಎಷ್ಟು ಉಬ್ಬುತ್ತದೆ ಎಂದು ಹೇಳುವ ಫಿಲ್ ಪವರ್ ಎಂಬ ಅಂಕಿಯನ್ನು ಹೋಲಿಸುತ್ತಾರೆ, ತಾವು ಯಾವ ಊರಿನಲ್ಲಿ, ಯಾವ ತಿಂಗಳ ಚಳಿಯಲ್ಲಿ ಮಲಗಲಿದ್ದೇವೆ ಎಂಬುದನ್ನು ಎಲ್ಲಕ್ಕಿಂತ ಕೊನೆಗೆ ಯೋಚಿಸುತ್ತಾರೆ. ಈ ಕ್ರಮವನ್ನು ಪೂರ್ತಿ ತಿರುಗಿಸಿಕೊಂಡರೆ ಆಯ್ಕೆ ಸುಲಭವಾಗುತ್ತದೆ, ಹಣವೂ ಉಳಿಯುತ್ತದೆ. ವರ್ಷದ ಬಹುಪಾಲು ಫ್ಯಾನ್ ಹಾಕಿಕೊಂಡೇ ಮಲಗುವ ನಮ್ಮ ಬಯಲುಸೀಮೆಯವರಿಗಂತೂ ಇದು ಹೆಚ್ಚು ಅನ್ವಯಿಸುತ್ತದೆ. ಏಕೆಂದರೆ ಈ ಚೀಲಗಳನ್ನು ರೂಪಿಸಿದ ನಾಡುಗಳ ಹವಾಮಾನವೇ ಬೇರೆ, ನಮ್ಮ ಮೈಗೆ ರೂಢಿಯಾಗಿರುವ ಹವಾಮಾನವೇ ಬೇರೆ.

ಮೊದಲು ಚಳಿಯ ಲೆಕ್ಕ

‘ತ್ರೀ ಸೀಸನ್’ ಎಂದು ಕಂಪನಿಗಳು ಹೇಳುವಾಗ ಅವರ ಮನಸ್ಸಿನಲ್ಲಿರುವುದು ಹಿಮ ಬೀಳುವ ದೇಶಗಳ ವಸಂತ, ಬೇಸಿಗೆ ಮತ್ತು ಶರತ್ಕಾಲ. ರಾತ್ರಿಯ ಉಷ್ಣಾಂಶ ಸೊನ್ನೆ ಡಿಗ್ರಿಯ ಆಸುಪಾಸಿಗೆ, ಕೆಲವೊಮ್ಮೆ ಅದಕ್ಕಿಂತ ನಾಲ್ಕೈದು ಡಿಗ್ರಿ ಕೆಳಗೆ ಇಳಿಯಬಹುದು ಎಂಬ ಊಹೆಯ ಮೇಲೆ ಅಂಥ ಚೀಲಗಳು ತಯಾರಾಗುತ್ತವೆ. ನಮ್ಮ ಮುಂಗಾರು ಈ ಮೂರರಲ್ಲಿ ಎಲ್ಲಿಯೂ ಸೇರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಮಲಗುವುದೇ ನಿಮ್ಮ ಮುಖ್ಯ ಉದ್ದೇಶವಾಗಿದ್ದರೆ ಡೌನ್ ಚೀಲವನ್ನು ಕೊಳ್ಳಲೇಬೇಡಿ. ಅಲ್ಲಿ ಚಳಿ ಕಡಿಮೆ, ತೇವ ವಿಪರೀತ. ಒದ್ದೆಯಾದರೂ ಒಂದಿಷ್ಟು ಬಿಸಿ ಉಳಿಸಿಕೊಳ್ಳುವ, ಕೃತಕ ನಾರು ತುಂಬಿದ ಸಿಂಥೆಟಿಕ್ ಚೀಲವೇ ಅಲ್ಲಿಗೆ ಸರಿ, ಬೆಲೆಯೂ ಕಡಿಮೆ.

ನೀವು ಹೋಗುವ ಜಾಗದ ಚಳಿಯನ್ನು ಅಂದಾಜು ಮಾಡಲು ಒಂದು ಸರಳ ಲೆಕ್ಕವಿದೆ. ಎತ್ತರ ಸಾವಿರ ಮೀಟರ್ ಏರಿದಂತೆ ಉಷ್ಣಾಂಶ ಸರಾಸರಿ 6.5 ಡಿಗ್ರಿಯಷ್ಟು ಇಳಿಯುತ್ತದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಮಂಡ್ಯ ಅದಕ್ಕಿಂತ ಸ್ವಲ್ಪ ತಗ್ಗು. ಜನವರಿಯ ರಾತ್ರಿ ಮೈಸೂರಿನಲ್ಲಿ 16 ಡಿಗ್ರಿ ಇದ್ದರೆ, 2,240 ಮೀಟರ್ ಎತ್ತರದ ಊಟಿಯಲ್ಲಿ ಆರೇಳು ಡಿಗ್ರಿ ಇರಬೇಕು ಎಂದು ಈ ಲೆಕ್ಕ ಹೇಳುತ್ತದೆ. ಆದರೆ ಅದೇ ಊಟಿಯ ತಗ್ಗು ಹುಲ್ಲುಗಾವಲುಗಳಲ್ಲಿ ಜನವರಿಯ ಬೆಳಗ್ಗೆ ನೆಲದ ಮೇಲೆ ಇಬ್ಬನಿ ಹೆಪ್ಪುಗಟ್ಟಿರುವುದನ್ನು ನೋಡಿದವರು ಬಹಳ ಜನರಿದ್ದಾರೆ. ಮೋಡವಿಲ್ಲದ ರಾತ್ರಿಯಲ್ಲಿ ತಣ್ಣನೆಯ ಗಾಳಿ ಭಾರವಾಗಿ ಇಳಿಜಾರಿನಿಂದ ಜಾರಿ ಕಣಿವೆಯ ತಳದಲ್ಲಿ ನಿಲ್ಲುವುದರಿಂದ ಹೀಗಾಗುತ್ತದೆ. ಆದ್ದರಿಂದ ಲೆಕ್ಕದಿಂದ ಬಂದ ಅಂಕಿಯಿಂದ ಐದು ಡಿಗ್ರಿ ಕಳೆದು ಇಟ್ಟುಕೊಳ್ಳುವುದು ಕ್ಷೇಮ. ಟೆಂಟು ಹಾಕುವಾಗಲೂ ಹಳ್ಳದ ಪಕ್ಕದ ಚೆಂದದ ಹುಲ್ಲುಹಾಸಿಗಿಂತ ಅದರಿಂದ ಹತ್ತಿಪ್ಪತ್ತು ಅಡಿ ಮೇಲಿನ ಮಟ್ಟಸ ಜಾಗ ಬೆಚ್ಚಗಿರುತ್ತದೆ.

ಈ ಲೆಕ್ಕವನ್ನು ಪ್ರಾಮಾಣಿಕವಾಗಿ ಮಾಡಿದರೆ ಹಲವರಿಗೆ ಡೌನ್ ಚೀಲ ಬೇಕಾಗಿಯೇ ಇಲ್ಲ ಎಂಬುದು ತಿಳಿಯುತ್ತದೆ. ಪಾಂಡವಪುರದ ಕಡೆಯ ಸ್ನೇಹಿತರ ತೋಟದಲ್ಲಿ ಡಿಸೆಂಬರ್‌ನ ಒಂದು ರಾತ್ರಿ ಕಳೆಯುವುದಕ್ಕೆ ಒಂದು ಕುರಿಯ ಕಂಬಳಿ, ಕೆಳಗೊಂದು ಚಾಪೆ ಧಾರಾಳವಾಗಿ ಸಾಕು. ಕೊಡಗಿನ ಹೋಂಸ್ಟೇ ಅಂಗಳದಲ್ಲಿ ಟೆಂಟು ಹಾಕುವವರಿಗೆ ಹತ್ತು ಡಿಗ್ರಿಯವರೆಗಿನ ಚಳಿಗೆಂದು ಮಾಡಿದ ತೆಳು ಚೀಲ ಸಾಲುತ್ತದೆ. (ನಮ್ಮ ಪ್ರಸಿದ್ಧ ಬೆಟ್ಟಗಳಲ್ಲಿ ಹಲವು ಅರಣ್ಯ ಇಲಾಖೆಯ ವ್ಯಾಪ್ತಿಯಲ್ಲಿದ್ದು, ಚಾರಣಕ್ಕೆ ಅನುಮತಿ ಸಿಕ್ಕರೂ ರಾತ್ರಿ ತಂಗಲು ಸಿಗುವುದಿಲ್ಲ, ಚೀಲ ಕೊಳ್ಳುವ ಮೊದಲು ಅದನ್ನೂ ವಿಚಾರಿಸಿಕೊಳ್ಳಬೇಕು.) ಡೌನ್ ನಿಜವಾಗಿ ಉಪಯೋಗಕ್ಕೆ ಬರುವುದು ನೀಲಗಿರಿಯ ಚಳಿಗಾಲದಲ್ಲಿ, ಅದಕ್ಕಿಂತಲೂ ಹೆಚ್ಚಾಗಿ ಮೇ-ಜೂನ್ ಅಥವಾ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹಿಮಾಲಯದ ಮೂರು ನಾಲ್ಕು ಸಾವಿರ ಮೀಟರ್ ಎತ್ತರದ ಬಿಡಾರಗಳಲ್ಲಿ. ಅಲ್ಲಿಗೂ ಜೀವನದಲ್ಲಿ ಒಮ್ಮೆ ಮಾತ್ರ ಹೋಗುವ ಯೋಚನೆಯಿದ್ದರೆ ಚಾರಣ ಏರ್ಪಡಿಸುವವರು ಕೊಡುವ ಚೀಲವನ್ನೋ ಬಾಡಿಗೆಯ ಚೀಲವನ್ನೋ ಬಳಸಿ, ಒಳಗೆ ನಿಮ್ಮದೇ ಲೈನರ್ (ತೆಳು ಬಟ್ಟೆಯ ಒಳಚೀಲ) ಹಾಕಿಕೊಂಡರೆ ಮುಗಿಯಿತು. ಹಳೆಯ, ಒಗೆದು ಮೆತ್ತಗಾದ ಹತ್ತಿಯ ಪಂಚೆಯನ್ನು ಉದ್ದಕ್ಕೆ ಮಡಿಸಿ ಎರಡು ಬದಿ ಹೊಲಿಸಿದರೆ ಒಳ್ಳೆಯ ಲೈನರ್ ಆಗುತ್ತದೆ. ರೇಷ್ಮೆಯದು ಇನ್ನೂ ಹಗುರ ಎಂಬುದು ನಿಜ. ಹಾಗೆಂದು ಮನೆಯ ಮೈಸೂರು ಸಿಲ್ಕ್ ಸೀರೆಗೆ ಕತ್ತರಿ ಹಾಕಿ ಮನೆಯವರ ಕೋಪಕ್ಕೆ ಗುರಿಯಾಗಬೇಡಿ.

ಚೀಟಿಯ ಮೇಲಿನ ಮೂರು ಅಂಕಿಗಳು

ಒಳ್ಳೆಯ ಕಂಪನಿಯ ಚೀಲದ ಮೇಲೆ ಇಎನ್ 13537 ಅಥವಾ ಅದರ ನಂತರ ಬಂದ ಐಎಸ್‌ಒ 23537 ಎಂಬ ಮಾನದಂಡದ ಉಲ್ಲೇಖವಿರುತ್ತದೆ. ಒಳ ಉಡುಪು ತೊಡಿಸಿದ, ಬಿಸಿ ಮಾಡಬಹುದಾದ ಮನುಷ್ಯಾಕೃತಿಯೊಂದನ್ನು ಹಾಸಿನ ಮೇಲೆ ಚೀಲದೊಳಗೆ ಮಲಗಿಸಿ, ತಣ್ಣನೆಯ ಕೋಣೆಯಲ್ಲಿ ಅದು ಎಷ್ಟು ಶಾಖ ಕಳೆದುಕೊಳ್ಳುತ್ತದೆ ಎಂದು ಅಳೆದು ಈ ಅಂಕಿಗಳನ್ನು ಪಡೆಯುತ್ತಾರೆ. ಇದರಿಂದ ಮೂರು ಅಂಕಿಗಳು ಸಿಗುತ್ತವೆ: ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್. ಸರಾಸರಿ ಮೈಕಟ್ಟಿನ ಹೆಂಗಸೊಬ್ಬರು ಆರಾಮವಾಗಿ ಮೈಚಾಚಿ ನಿದ್ರಿಸಬಲ್ಲ ಉಷ್ಣಾಂಶವೇ ಕಂಫರ್ಟ್. ಸರಾಸರಿ ಮೈಕಟ್ಟಿನ ಗಂಡಸು ಮುದುಡಿಕೊಂಡು ಮಲಗಿ, ಚಳಿಗೆ ಎಚ್ಚರವಾಗದೆ ಹೇಗೋ ರಾತ್ರಿ ಕಳೆಯಬಲ್ಲ ಉಷ್ಣಾಂಶ ಲಿಮಿಟ್. ಮೂರನೆಯದಾದ ಎಕ್ಸ್‌ಟ್ರೀಮ್ ಎಂಬುದು ಜೀವ ಉಳಿಯುವ ಅಂಚಿನ ಅಂಕಿ. ಅಲ್ಲಿ ನಿದ್ರೆಯ ಮಾತೇ ಇಲ್ಲ, ಮೈ ಸೆಟೆದು ಅಪಾಯವಾಗುವ ಸಾಧ್ಯತೆ ಇದ್ದೇ ಇರುತ್ತದೆ.

ತೊಡಕಿರುವುದು ಅಂಗಡಿಯ ಫಲಕದಲ್ಲಿ ಇವುಗಳಲ್ಲಿ ಯಾವುದನ್ನು ದೊಡ್ಡದಾಗಿ ಬರೆದಿದ್ದಾರೆ ಎಂಬುದರಲ್ಲಿ. ಕಂಫರ್ಟ್ 4, ಲಿಮಿಟ್ -1, ಎಕ್ಸ್‌ಟ್ರೀಮ್ -17 ಎಂದಿರುವ ಚೀಲವೊಂದನ್ನು ಒಬ್ಬರು ‘ನಾಲ್ಕು ಡಿಗ್ರಿಯ ಚೀಲ’ ಎಂದು ಮಾರಬಹುದು, ಇನ್ನೊಬ್ಬರು ‘ಮೈನಸ್ ಒಂದು’ ಎನ್ನಬಹುದು, ಮತ್ತೊಬ್ಬರು ಸಂಕೋಚವಿಲ್ಲದೆ ‘ಮೈನಸ್ ಹದಿನೇಳು’ ಎಂದು ಬರೆಯಬಹುದು. ಮೂವರೂ ಸುಳ್ಳು ಹೇಳಿದಂತಾಗುವುದಿಲ್ಲ, ಆದರೆ ನಿಮಗೆ ಬೇಕಾದ ಮಾತನ್ನು ಹೇಳಿದವರು ಒಬ್ಬರೇ. ಗಂಡಸರಿರಲಿ, ಹೆಂಗಸರಿರಲಿ, ನಮ್ಮ ಕಡೆಯವರು ಕಂಫರ್ಟ್ ಅಂಕಿಯನ್ನು ಮಾತ್ರ ನೋಡುವುದು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಚಳಿಯ ರೂಢಿ ಇಲ್ಲದ ಮೈ, ದಿನವಿಡೀ ನಡೆದ ದಣಿವು, ಎತ್ತರದಲ್ಲಿ ಹಸಿವು ಕಡಿಮೆಯಾಗಿ ಅರ್ಧ ಊಟ ಮಾಡಿ ಮಲಗುವುದು, ಇವೆಲ್ಲವೂ ಪ್ರಯೋಗಶಾಲೆಯ ಆಕೃತಿಗೆ ಇಲ್ಲದ ತೊಂದರೆಗಳು. ಮಾನದಂಡದ ಹೆಸರೇ ಇಲ್ಲದೆ ಬರೀ ‘ಮೈನಸ್ ಹತ್ತು’ ಎಂದಷ್ಟೇ ಬರೆದ ಚೀಲ ಎಷ್ಟೇ ಅಗ್ಗವಾಗಿದ್ದರೂ ಅದನ್ನು ನಂಬಿ ಹಿಮಾಲಯಕ್ಕೆ ಹೋಗಬಾರದು.

ಹಿಮಾಲಯದ ಮೇ-ಜೂನ್ ಚಾರಣ ಮತ್ತು ನೀಲಗಿರಿಯ ಚಳಿಗಾಲ, ಎರಡಕ್ಕೂ ಸೇರಿ ಒಂದೇ ಚೀಲ ಕೊಳ್ಳುವವರು ಕಂಫರ್ಟ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿರುವುದನ್ನು ಹುಡುಕಬೇಕು. ಅಕ್ಟೋಬರ್‌ನ ಹಿಮಾಲಯ ನಿಮ್ಮ ಪಟ್ಟಿಯಲ್ಲಿದ್ದರೆ -5ರ ಕಡೆಗೆ ಹೋಗಬಹುದು. ಅದಕ್ಕಿಂತ ಬೆಚ್ಚನೆಯದನ್ನು ಕೊಂಡರೆ ಉಳಿದ ಎಲ್ಲ ಕಡೆಯೂ ಬೆವರುತ್ತೀರಿ.

ಡೌನ್ ಎಷ್ಟಿದೆ, ಎಂಥದ್ದಿದೆ

ಡೌನ್ ಎಂದರೆ ಬಾತುಕೋಳಿ ಮತ್ತು ಹೆಬ್ಬಾತುಗಳ ಹೊರಗಿನ ಗರಿಗಳ ಅಡಿಯಲ್ಲಿ, ಎದೆ-ಹೊಟ್ಟೆಯ ಭಾಗದಲ್ಲಿ ಬೆಳೆಯುವ, ಗಟ್ಟಿ ಕಡ್ಡಿ ಇಲ್ಲದ ಮೃದು ತುಪ್ಪಳ. ಅದರ ಎಳೆಗಳು ಎಲ್ಲ ದಿಕ್ಕಿಗೂ ಹರಡಿಕೊಂಡು ತಮ್ಮ ನಡುವೆ ಗಾಳಿಯನ್ನು ಅಲುಗದಂತೆ ಹಿಡಿದಿಡುತ್ತವೆ. ಬೆಚ್ಚಗಿಡುವುದು ಹೀಗೆ ನಿಂತ ಗಾಳಿಯೇ. ಚೀಟಿಯ ಮೇಲೆ 90/10 ಎಂದಿದ್ದರೆ ನೂರರಲ್ಲಿ 90 ಪಾಲು ಡೌನ್, 10 ಪಾಲು ಸಣ್ಣ ಗರಿ ಎಂದರ್ಥ. 80/20ಕ್ಕಿಂತ ಕೆಳಗಿನದನ್ನು ಹಗುರ ಚೀಲವೆಂದು ಕೊಳ್ಳಬೇಡಿ.

ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ತೂಕದ ಡೌನ್ ಪೂರ್ತಿ ಉಬ್ಬಿದಾಗ ಎಷ್ಟು ಘನ ಇಂಚು ಜಾಗ ತುಂಬುತ್ತದೆ ಎಂಬುದೇ ಫಿಲ್ ಪವರ್. 550ರಿಂದ ಆರಂಭವಾಗಿ 900ರ ಮೇಲಿನವರೆಗೂ ಸಿಗುತ್ತದೆ. ಈ ಅಂಕಿ ಡೌನಿನ ಗುಣವನ್ನು ಹೇಳುತ್ತದೆಯೇ ಹೊರತು ಚೀಲದ ಬಿಸಿಯನ್ನು ಹೇಳುವುದಿಲ್ಲ. ಬಿಸಿ ತಿಳಿಯಬೇಕಾದರೆ ಒಳಗೆ ಎಷ್ಟು ಗ್ರಾಂ ತುಂಬಿದ್ದಾರೆ ಎಂಬುದೂ ಬೇಕು. 800 ಫಿಲ್ ಪವರಿನ 400 ಗ್ರಾಂ ಡೌನ್ ಉಬ್ಬಿದರೆ ಸುಮಾರು 185 ಲೀಟರ್ ಜಾಗ ತುಂಬುತ್ತದೆ. 650ರ 500 ಗ್ರಾಂ ಡೌನ್ ತುಂಬುವುದು ಸುಮಾರು 188 ಲೀಟರ್. ಅಂದರೆ ಎರಡರ ಬಿಸಿಯೂ ಹೆಚ್ಚುಕಡಿಮೆ ಒಂದೇ, ತೂಕದ ವ್ಯತ್ಯಾಸ ನೂರು ಗ್ರಾಂ, ಬೆಲೆಯ ವ್ಯತ್ಯಾಸ ಮಾತ್ರ ಸಾವಿರಾರು ರೂಪಾಯಿ ಆಗಿರಬಹುದು. ಬೆನ್ನಿಗೆ ಹತ್ತು ಕೆಜಿ ಹೊರುವವರು ಆ ನೂರು ಗ್ರಾಮಿಗೆ ಇಷ್ಟು ಹಣ ಕೊಡಬೇಕೇ ಎಂಬುದನ್ನು ತಾವೇ ತೀರ್ಮಾನಿಸಬೇಕು. ನನ್ನ ಮಟ್ಟಿಗೆ 650ರಿಂದ 750ರ ನಡುವಿನದು ನಮ್ಮ ಬಳಕೆಗೆ ತಕ್ಕದ್ದು. 850ರ ಮೇಲಿನದು, ಪ್ರತಿ ಗ್ರಾಮನ್ನೂ ತೂಗಿ ಹೊರುವವರ ಹವ್ಯಾಸಕ್ಕೆ ಸೇರಿದ್ದು.

ಒಟ್ಟು ತೂಕದಲ್ಲಿ ಡೌನಿನ ಪಾಲು ಎಷ್ಟು ಎಂಬುದು ಇನ್ನೂ ಹೆಚ್ಚು ತಿಳಿಸುತ್ತದೆ. 900 ಗ್ರಾಂ ಚೀಲದಲ್ಲಿ 480 ಗ್ರಾಂ ಡೌನ್ ಇದ್ದರೆ ಅರ್ಧಕ್ಕಿಂತ ಹೆಚ್ಚು ತೂಕ ಕೆಲಸ ಮಾಡುವ ವಸ್ತುವಿನದು. 1,200 ಗ್ರಾಂ ಚೀಲದಲ್ಲಿ 400 ಗ್ರಾಂ ಮಾತ್ರ ಇದ್ದರೆ ಉಳಿದ 800 ಗ್ರಾಂ ಬಟ್ಟೆ, ಝಿಪ್ಪು, ದಾರ ಮತ್ತು ಪಟ್ಟಿಗಳನ್ನು ಹೊತ್ತಂತೆ. ಒಳಗಿನ ಡೌನ್ ಎಷ್ಟು ಗ್ರಾಂ ಎಂಬುದನ್ನು ಬರೆಯದ ತಯಾರಕರಿದ್ದಾರೆ. ಕೇಳಿದರೂ ಹೇಳಲಾಗದಿದ್ದರೆ ಮುಂದಿನ ಚೀಲ ನೋಡಿ.

ಪಕ್ಷಿಯ ತುಪ್ಪಳವನ್ನು ಮೈಮೇಲೆ ಹೊದೆಯಲು ಒಪ್ಪದ ಸಸ್ಯಾಹಾರಿ ಕುಟುಂಬಗಳು ನಮ್ಮಲ್ಲಿ ಬಹಳ ಇವೆ. ಡೌನ್ ಬಹುಮಟ್ಟಿಗೆ ಮಾಂಸದ ಉದ್ಯಮದ ಉಪಉತ್ಪನ್ನ. ಜೀವಂತ ಹಕ್ಕಿಗಳಿಂದ ತುಪ್ಪಳ ಕೀಳುವ ಪದ್ಧತಿಯ ಬಗ್ಗೆ ಆಕ್ಷೇಪಗಳು ಬಂದ ಮೇಲೆ 2014ರಲ್ಲಿ ಆರ್‌ಡಿಎಸ್, ಅಂದರೆ ರೆಸ್ಪಾನ್ಸಿಬಲ್ ಡೌನ್ ಸ್ಟ್ಯಾಂಡರ್ಡ್ ಎಂಬ ಪ್ರಮಾಣಪತ್ರ ಜಾರಿಗೆ ಬಂತು; ಅದು ಇಂಥ ಕೀಳುವಿಕೆಯನ್ನೂ ಬಲವಂತವಾಗಿ ತಿನ್ನಿಸುವುದನ್ನೂ ನಿಷೇಧಿಸುತ್ತದೆ. ಆ ಗುರುತಿರುವುದನ್ನೇ ಕೊಳ್ಳಿ. ಅಷ್ಟಕ್ಕೂ ಮನಸ್ಸು ಒಪ್ಪದಿದ್ದರೆ, ಅದೇ ಬಿಸಿಗೆ ಕೆಲವು ನೂರು ಗ್ರಾಂ ಹೆಚ್ಚು ತೂಕ ಹೊರಲು ಸಿದ್ಧರಾಗಿ ಸಿಂಥೆಟಿಕ್ ಆರಿಸಿಕೊಳ್ಳಿ.

ಹೊಲಿಗೆ, ಬಟ್ಟೆ, ಝಿಪ್ಪು

ಡೌನ್ ಒಂದೇ ಕಡೆ ಗುಡ್ಡೆಯಾಗದಿರಲು ಚೀಲವನ್ನು ಅಡ್ಡಡ್ಡ ಕೋಣೆಗಳಾಗಿ ಹೊಲಿದಿರುತ್ತಾರೆ. ಒಳ ಬಟ್ಟೆಯನ್ನೂ ಹೊರ ಬಟ್ಟೆಯನ್ನೂ ನೇರವಾಗಿ ಸೇರಿಸಿ ಹೊಲಿದರೆ ಹೊಲಿಗೆಯ ಗೆರೆಯುದ್ದಕ್ಕೂ ಡೌನ್ ಇರುವುದಿಲ್ಲ, ಚಳಿ ಅಲ್ಲಿಂದಲೇ ನುಗ್ಗುತ್ತದೆ. ಎಂಟು ಹತ್ತು ಡಿಗ್ರಿಯ ಚೀಲಕ್ಕೆ ಇದು ಪರವಾಗಿಲ್ಲ. ಸೊನ್ನೆಯ ಹತ್ತಿರದ ಚೀಲಕ್ಕೆ ಎರಡು ಬಟ್ಟೆಗಳ ನಡುವೆ ಬಲೆಬಟ್ಟೆಯ ಗೋಡೆಯಿಟ್ಟು ಹೊಲಿದ ‘ಬಾಕ್ಸ್’ ರಚನೆಯೇ ಬೇಕು.

ಹೊರಬಟ್ಟೆಯ ನೂಲಿನ ದಪ್ಪವನ್ನು ಡೆನಿಯರ್‌ನಲ್ಲಿ, ಅಂದರೆ 10ಡಿ, 20ಡಿ ಎಂದು ಬರೆಯುತ್ತಾರೆ. ಹತ್ತರ ಬಟ್ಟೆ ಬಹಳ ಹಗುರ, ಅಷ್ಟೇ ನಾಜೂಕು. ಒರಟು ಬಳಕೆಗೆ ಹದಿನೈದು, ಇಪ್ಪತ್ತು ಸರಿ. ಎಲ್ಲವೂ ನೈಲಾನ್ ಜಾತಿಯವೇ ಆದ್ದರಿಂದ ಬೆಂಕಿಯ ಒಂದು ಕಿಡಿ ತಾಗಿದರೂ ತೂತು ಬೀಳುತ್ತದೆ. ನೀರನ್ನು ತಡೆಯುವಂತೆ ಸಂಸ್ಕರಿಸಿದ ಹೈಡ್ರೋಫೋಬಿಕ್ ಡೌನ್ ಒದ್ದೆಯಾಗುವುದನ್ನು ಸ್ವಲ್ಪ ತಡ ಮಾಡುತ್ತದೆ, ಅಷ್ಟೇ. ಸಿಕ್ಕರೆ ಒಳ್ಳೆಯದು, ಅದಕ್ಕಾಗಿಯೇ ಹೆಚ್ಚು ಹಣ ಕೊಡಬೇಕಾಗಿಲ್ಲ.

ಝಿಪ್ಪಿನ ವಿಷಯದಲ್ಲಿ ಹಗುರ ಚೀಲದ ಪಂಡಿತರ ಮಾತನ್ನು ನಾವು ಪೂರ್ತಿ ಕೇಳಬೇಕಾಗಿಲ್ಲ. ತೂಕ ಉಳಿಸಲು ಅವರು ಅರ್ಧ ಝಿಪ್ಪು ಸಾಕೆನ್ನುತ್ತಾರೆ. ಆದರೆ ಒಂದೇ ಚೀಲವನ್ನು ಹಿಮಾಲಯದಲ್ಲೂ ಫೆಬ್ರುವರಿಯ ಬಿಳಿಗಿರಿರಂಗನ ಬೆಟ್ಟದ ಕಡೆಯೂ ಬಳಸುವ ನಮಗೆ ಪಾದದವರೆಗೆ ಬಿಚ್ಚುವ, ಕೆಳಗಿನಿಂದಲೂ ತೆರೆಯಬಹುದಾದ ಝಿಪ್ಪು ಬಹಳ ಅನುಕೂಲ. ಸೆಖೆಯಾದಾಗ ಕಾಲು ಹೊರಗೆ ಚಾಚಬಹುದು, ಇಡೀ ಚೀಲವನ್ನು ರಜಾಯಿಯಂತೆ ಹರಡಿಕೊಳ್ಳಬಹುದು. ಝಿಪ್ಪಿನ ಹಿಂದೆ ಉದ್ದಕ್ಕೂ ಡೌನ್ ತುಂಬಿದ ಪಟ್ಟಿ, ಕುತ್ತಿಗೆಯ ಸುತ್ತ ಒಂದು ಕಾಲರ್, ದಾರದಿಂದ ಬಿಗಿಯಬಹುದಾದ ಟೋಪಿ, ಇವು ಮೂರೂ ಇಲ್ಲದ ಸೊನ್ನೆ ಡಿಗ್ರಿಯ ಚೀಲ ಅಪೂರ್ಣ.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

ಚೀಲವನ್ನು ಕಣ್ಣಾರೆ ನೋಡಿ ಕೊಳ್ಳುವ ಅವಕಾಶವಿದ್ದರೆ ಬಿಡಬೇಡಿ. ಆನ್‌ಲೈನಿನಲ್ಲಿ ತರಿಸಿದರೆ ಹಿಂದಿರುಗಿಸುವ ಅವಧಿ ಮುಗಿಯುವ ಮೊದಲು ಮನೆಯಲ್ಲೇ ಈ ಪರೀಕ್ಷೆ ಮಾಡಿ. ಪೊಟ್ಟಣದಿಂದ ತೆಗೆದು, ಎರಡು ಅಂಚು ಹಿಡಿದು ಮೆಲ್ಲಗೆ ಕೊಡವಿ, ಹದಿನೈದು ಇಪ್ಪತ್ತು ನಿಮಿಷ ನೆಲದ ಮೇಲೆ ಉಬ್ಬಲು ಬಿಡಿ. ಬಳಿಕ ಒಂದೊಂದೇ ಕೋಣೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ನೋಡಿದರೆ ಡೌನ್ ಇರುವಲ್ಲಿ ಮೋಡದಂತೆ ಮಬ್ಬು ಕಾಣುತ್ತದೆ, ಖಾಲಿ ಇರುವಲ್ಲಿ ಬಟ್ಟೆ ಪಾರದರ್ಶಕವಾಗಿ ಹೊಳೆಯುತ್ತದೆ. ಅಂಗೈಯಿಂದ ತಟ್ಟಿ ಸರಿಸಿದರೆ ಆ ಖಾಲಿ ಜಾಗ ತುಂಬಬೇಕು. ತುಂಬದಿದ್ದರೆ ಆ ಕೋಣೆಗೆ ಡೌನ್ ಕಡಿಮೆ ಹಾಕಿದ್ದಾರೆ. ಬೆರಳ ತುದಿಯಿಂದ ಹಿಸುಕಿದಾಗ ಚುಚ್ಚುವ ಕಡ್ಡಿಗಳು ಹೆಚ್ಚು ಸಿಕ್ಕರೆ ಗರಿಯ ಪಾಲು ಹೇಳಿದ್ದಕ್ಕಿಂತ ಜಾಸ್ತಿಯಿರಬಹುದು.

ಆಮೇಲೆ ಪಾದರಕ್ಷೆ ಕಳಚಿ, ಸಂಕೋಚ ಬಿಟ್ಟು ಒಳಗೆ ಮಲಗಿ. ಕಾಲು ಚಾಚಿದಾಗ ಬೆರಳುಗಳು ತುದಿಯನ್ನು ಒತ್ತಬಾರದು, ಏಕೆಂದರೆ ಒತ್ತಿದ ಜಾಗದಲ್ಲಿ ಡೌನ್ ಚಪ್ಪಟೆಯಾಗಿ ಚಳಿ ಹತ್ತುತ್ತದೆ. ‘ರೆಗ್ಯುಲರ್’ ಅಳತೆ ಹೆಚ್ಚಾಗಿ ಆರಡಿ ಎತ್ತರದವರಿಗೆ ಮಾಡಿದ್ದು; ಐದು ಅಡಿ ನಾಲ್ಕು ಇಂಚಿನವರು ಅದನ್ನು ಕೊಂಡರೆ ಕಾಲಿನ ಕೆಳಗಿನ ಖಾಲಿ ಜಾಗವನ್ನೂ ರಾತ್ರಿಯಿಡೀ ತಮ್ಮ ಮೈಯಿಂದಲೇ ಬಿಸಿ ಮಾಡಬೇಕಾಗುತ್ತದೆ. ಗಿಡ್ಡ ಅಳತೆಯೋ ಹೆಂಗಸರ ಅಳತೆಯೋ ಇದ್ದರೆ ಕೇಳಿ ಪಡೆಯಿರಿ. ಒಳಗಿದ್ದುಕೊಂಡೇ, ಕಣ್ಣು ಮುಚ್ಚಿ, ಒಂದೇ ಕೈಯಲ್ಲಿ ಝಿಪ್ಪನ್ನು ಪೂರ್ತಿ ಎಳೆದು ಮತ್ತೆ ಬಿಚ್ಚಿ. ಕೈಕೊರೆಯುವ ಚಳಿಯಲ್ಲಿ ಮಧ್ಯರಾತ್ರಿ ಮೂತ್ರಕ್ಕೆಂದು ಏಳಬೇಕಾದಾಗ ತೆಳುಬಟ್ಟೆ ಝಿಪ್ಪಿನ ಹಲ್ಲಿಗೆ ಸಿಕ್ಕಿಕೊಂಡರೆ ಆಗುವ ಪರದಾಟ ಅಂಗಡಿಯಲ್ಲೇ ತಿಳಿಯುತ್ತದೆ. ಕೊನೆಗೆ ತೂಕ. ಲಗೇಜು ತೂಗುವ ಸಣ್ಣ ಕೈತಕ್ಕಡಿಯಿದ್ದರೆ ಒಯ್ದು ತೂಗಿ ನೋಡಿ. ಚೀಟಿಯ ತೂಕ ಪೊಟ್ಟಣ ಸೇರಿಯೋ ಬಿಟ್ಟೋ ಎಂಬುದನ್ನು ಕೇಳಿ.

ಕೆಳಗಿನ ಹಾಸು

ಮೈಭಾರಕ್ಕೆ ಬೆನ್ನಡಿಯ ಡೌನ್ ಪೂರ್ತಿ ಅಮುಕಿಹೋಗುವುದರಿಂದ ನೆಲದ ಚಳಿಯನ್ನು ಚೀಲ ತಡೆಯುವುದಿಲ್ಲ, ಹಾಸು ತಡೆಯುತ್ತದೆ. ಅದರ ಶಕ್ತಿಯನ್ನು ಆರ್-ವ್ಯಾಲ್ಯೂ ಎಂಬ ಅಂಕಿಯಲ್ಲಿ ಹೇಳುತ್ತಾರೆ. ನಮ್ಮ ಘಟ್ಟಗಳಿಗೆ 2ರ ಆಸುಪಾಸಿನ ಮಡಚುವ ಫೋಮ್ ಹಾಸು ಸಾಕು. ಸೊನ್ನೆಯ ಹತ್ತಿರಕ್ಕೆ 3-4 ಬೇಕು. ಎರಡು ಹಾಸುಗಳನ್ನು ಒಂದರ ಮೇಲೊಂದು ಹಾಕಿದರೆ ಎರಡರ ಅಂಕಿಯೂ ಕೂಡುತ್ತದೆ. ಇರುವ ಹಣವನ್ನೆಲ್ಲ ಚೀಲಕ್ಕೇ ಸುರಿದು ಬರೀ ಯೋಗಾ ಮ್ಯಾಟಿನ ಮೇಲೆ ಮಲಗಿದವರು ಚೀಲವನ್ನು ಬೈಯುವುದು ನ್ಯಾಯವಲ್ಲ.

ತೇವ, ತೊಳೆತ, ಜೋಪಾನ

ಉಸಿರು ಮತ್ತು ಬೆವರಿನ ತೇವ ರಾತ್ರಿಯಿಂದ ರಾತ್ರಿಗೆ ಡೌನಿನಲ್ಲಿ ಸೇರುತ್ತಾ ಹೋಗಿ, ಐದಾರು ದಿನದ ಚಾರಣದ ಕೊನೆಗೆ ಚೀಲದ ಉಬ್ಬು ತಗ್ಗುತ್ತದೆ. ಮುಖವನ್ನು ಚೀಲದೊಳಗೆ ಹುದುಗಿಸಿ ಉಸಿರಾಡಬೇಡಿ, ಟೆಂಟಿನ ಗಾಳಿಕಿಂಡಿಯನ್ನು ಚಳಿಯೆಂದು ಮುಚ್ಚಬೇಡಿ, ಬೆಳಗ್ಗೆ ಬಿಸಿಲು ಬಿದ್ದೊಡನೆ ಚೀಲವನ್ನು ತಿರುವಿ ಅರ್ಧ ಗಂಟೆ ಹರಡಿ. ಮೈಸೂರಿನಿಂದ ದೆಹಲಿಗೆ ರೈಲಿನಲ್ಲಿ ಹೋಗುವಾಗ ಎರಡು ದಿನ ಅದನ್ನು ಹಿಂಡಿ ಇಡುವ ಅಗತ್ಯವಿಲ್ಲ; ದೊಡ್ಡ ಬಟ್ಟೆಚೀಲದಲ್ಲಿ ಸಡಿಲವಾಗಿ ಒಯ್ದು, ನಡಿಗೆ ಆರಂಭವಾಗುವ ದಿನ ಮಾತ್ರ ನೀರು ತಾಗದ ಪೊಟ್ಟಣಕ್ಕೆ ತುಂಬಿದರಾಯಿತು.

ತೊಳೆಯುವುದು ಎಷ್ಟು ವಿರಳವಾದರೆ ಅಷ್ಟು ಒಳ್ಳೆಯದು. ಲೈನರ್ ಬಳಸುವವರಿಗೆ ಕೆಲವು ವರ್ಷಕ್ಕೊಮ್ಮೆ ಸಾಕು. ಮಾಮೂಲಿ ಡಿಟರ್ಜೆಂಟ್ ಡೌನಿನ ಸಹಜ ಜಿಡ್ಡನ್ನು ತೆಗೆದುಬಿಡುವುದರಿಂದ ಡೌನಿಗೆಂದೇ ಮಾಡಿದ ಸಾಬೂನು ಬೇಕು. ಫೆಬ್ರುವರಿ, ಮಾರ್ಚ್‌ನ ಒಣ ಹವೆಯಲ್ಲಿ ಈ ಕೆಲಸ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ತೊಳೆದರೆ ಒಣಗುವ ಮೊದಲೇ ಮುಗ್ಗಲು ವಾಸನೆ ಹಿಡಿಯುತ್ತದೆ. ದೊಡ್ಡ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಮೆಲ್ಲಗೆ ಅದುಮಿ ತೊಳೆದು, ನೊರೆ ಪೂರ್ತಿ ಹೋಗುವವರೆಗೆ ನೀರು ಬದಲಿಸಿ. ಒದ್ದೆ ಚೀಲವನ್ನು ಒಂದು ತುದಿ ಹಿಡಿದು ಎತ್ತಲೇಬೇಡಿ. ನೀರು ಕುಡಿದ ಡೌನಿನ ಭಾರಕ್ಕೆ ಒಳಗಿನ ಬಲೆಬಟ್ಟೆಯ ಗೋಡೆಗಳು ಹರಿದುಹೋಗುತ್ತವೆ. ಮಗುವನ್ನು ಎತ್ತುವಂತೆ ಎರಡೂ ಕೈಗಳನ್ನು ಅಡಿಗೆ ಕೊಟ್ಟು ಎತ್ತಿ, ಹಿಂಡದೆ ಅದುಮಿ ನೀರು ಬಸಿದು, ತಾರಸಿಯ ನೆರಳಿನಲ್ಲಿ ಬಟ್ಟೆಯ ಮೇಲೆ ಹರಡಿ. ಗಂಟೆಗೊಮ್ಮೆ ತಿರುವಿ, ಗಂಟುಕಟ್ಟಿದ ಡೌನನ್ನು ಬೆರಳುಗಳಿಂದ ಬಿಡಿಸುತ್ತಿರಬೇಕು. ಎರಡು ಮೂರು ದಿನ ಹಿಡಿಯುತ್ತದೆ. ಸಂಜೆಯ ತಂಪಿಗೆ ಮೊದಲೇ ಒಳಗೆ ತನ್ನಿ. ಬಿಸಿ ಗಾಳಿಯ ಡ್ರೈಯರ್ ಇರುವವರು ಅತಿ ಕಡಿಮೆ ಶಾಖದಲ್ಲಿ ಎರಡು ಮೂರು ಟೆನಿಸ್ ಚೆಂಡುಗಳ ಜೊತೆ ಹಾಕಿದರೆ ಗಂಟುಗಳು ತಾವೇ ಬಿಡುತ್ತವೆ.

ಮನೆಯಲ್ಲಿ ಇಡುವಾಗ ಸಣ್ಣ ಪೊಟ್ಟಣದಲ್ಲಿ ಹಿಂಡಿ ಇಡಬಾರದು. ತಿಂಗಳುಗಟ್ಟಲೆ ಅಮುಕಿದ ಡೌನ್ ಮತ್ತೆ ಉಬ್ಬುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಚೀಲದ ಜೊತೆ ದೊಡ್ಡ ಬಲೆಚೀಲ ಕೊಟ್ಟಿರದಿದ್ದರೆ ಹಳೆಯ ದಿಂಬಿನ ಕವರುಗಳೆರಡನ್ನು ಸೇರಿಸಿ ಹೊಲಿಸಿ, ಅದರಲ್ಲಿ ಹಾಕಿ ಬೀರುವಿನೊಳಗೆ ತೂಗುಹಾಕಿ. ಅಟ್ಟ ಬೇಡ, ಅಲ್ಲಿ ಇಲಿಯ ಕಾಟ. ನುಸಿಗುಳಿಗೆಯ ವಾಸನೆ ಡೌನಿಗೆ ಹತ್ತಿದರೆ ಹೋಗುವುದು ಕಷ್ಟವಾದ್ದರಿಂದ ಅದನ್ನು ಚೀಲದ ಹತ್ತಿರಕ್ಕೂ ತರಬೇಡಿ. ಬಟ್ಟೆಯಲ್ಲಿ ಸಣ್ಣ ತೂತು ಕಂಡರೆ ಸೂಜಿ ಹಾಕದೆ, ಹೊರಚಾಚಿದ ತುಪ್ಪಳವನ್ನು ಒಳಗಿನಿಂದ ಹಿಂದಕ್ಕೆಳೆದು, ಮೂಲೆಗಳನ್ನು ದುಂಡಗೆ ಕತ್ತರಿಸಿದ ನೈಲಾನ್ ರಿಪೇರಿ ಟೇಪನ್ನು ಮೇಲಿನಿಂದ ಒತ್ತಿ ಅಂಟಿಸಿ. ಮೂಲೆ ಚೂಪಾಗಿದ್ದರೆ ಟೇಪು ಅಲ್ಲಿಂದಲೇ ಏಳುತ್ತದೆ.